ಜೆ-1 ವೀಸಾದವರ ‘ಎರಡು ವರ್ಷ’: ನೋರಿಗೆ ಓಡುವ ಮೊದಲು ಇದನ್ನು ಓದಿ

“ವೀಸಾ ಮೇಲೆ ಟೂ ಇಯರ್ ರೂಲ್ ಅಂತ ಬರೆದಿದ್ದಾರೆ. ಹಾಗಾದ್ರೆ ಎಚ್-1ಬಿ ಸಿಗಲ್ವಾ?”

ಅಮೆರಿಕದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುತ್ತಿರುವವರು, ರೆಸಿಡೆನ್ಸಿಯಲ್ಲಿ, ಅಂದರೆ ಆಸ್ಪತ್ರೆಯ ತರಬೇತಿಯಲ್ಲಿ, ಇರುವ ಡಾಕ್ಟರುಗಳು, ಅವರ ಜೊತೆ ಹೋಗಿರುವ ಗಂಡ ಅಥವಾ ಹೆಂಡತಿ, ಎಲ್ಲರೂ ಕೇಳುವುದು ಇದನ್ನೇ. ಕೇಳುವಷ್ಟರಲ್ಲಿ ಕೆಲವರು ಊರಿಗೆ ಫೋನ್ ಮಾಡಿ, ನೋರಿಗಾಗಿ, ಅಂದರೆ ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲ ಎಂದು ಭಾರತ ಸರ್ಕಾರ ಕೊಡುವ ಪತ್ರಕ್ಕಾಗಿ, ಅಪ್ಪನನ್ನು ಸರ್ಕಾರಿ ಕಚೇರಿಗೆ ಕಳಿಸಿಯೂ ಆಗಿರುತ್ತದೆ. ಅದು ತಲೆಕೆಳಗಾದ ಕ್ರಮ. ಮೊದಲು ನಿಮ್ಮ ಹತ್ತಿರ ಇರುವ ಕಾಗದ ಓದಬೇಕು. 2024ರ ಡಿಸೆಂಬರ್ ನಂತರ ಬಹಳಷ್ಟು ಭಾರತೀಯರಿಗೆ ಈ ಓಡಾಟವೇ ಬೇಕಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ, ಬೇಕಾದವರು ಯಾವ ಕ್ರಮದಲ್ಲಿ ಹೋಗಬೇಕು ಎನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ನಿಯಮ ಏನು ಹೇಳುತ್ತದೆ

ಜೆ-1 ಅಂದರೆ ವಿನಿಮಯ ಕಾರ್ಯಕ್ರಮದ ವೀಸಾ. ‘ಬನ್ನಿ, ಕಲಿಯಿರಿ, ಕಲಿತದ್ದನ್ನು ನಿಮ್ಮ ದೇಶಕ್ಕೆ ತೆಗೆದುಕೊಂಡು ಹೋಗಿ’ ಎನ್ನುವುದು ಇದರ ಹಿಂದಿನ ಲೆಕ್ಕ. ಅದಕ್ಕಾಗಿ ಅಮೆರಿಕದ ವಲಸೆ ಕಾನೂನಿನಲ್ಲಿ 212(ಇ) ಎಂಬ ಕಲಮು ಇದೆ. ಅದು ನಿಮಗೆ ಅನ್ವಯಿಸಿದರೆ, ಒಟ್ಟು ಎರಡು ವರ್ಷ ನಿಮ್ಮ ದೇಶದಲ್ಲಿ ಖುದ್ದಾಗಿ ಇರಬೇಕು. ಅಲ್ಲಿಯವರೆಗೆ ಮೂರು ಬಾಗಿಲು ಮುಚ್ಚಿರುತ್ತವೆ:

- ಎಚ್ (ಕೆಲಸದ್ದು, ಎಚ್-1ಬಿ ಮತ್ತು ಎಚ್-4 ಸೇರಿ), ಎಲ್ (ಕಂಪನಿಯೊಳಗಿನ ವರ್ಗಾವಣೆ), ಕೆ (ಅಮೆರಿಕನ್ನರನ್ನು ಮದುವೆಯಾಗಲು ಹೋಗುವವರದ್ದು) ವೀಸಾಗಳು ಸಿಗುವುದಿಲ್ಲ.
- ಗ್ರೀನ್ ಕಾರ್ಡ್ ಸಿಗುವುದಿಲ್ಲ.
- ಅಮೆರಿಕದೊಳಗೇ ಇದ್ದುಕೊಂಡು ಬೇರೆ ಸ್ಟೇಟಸ್‌ಗೆ (ವೀಸಾ ವರ್ಗಕ್ಕೆ) ಬದಲಾಗಲು ಆಗುವುದಿಲ್ಲ. ರಾಜತಾಂತ್ರಿಕರಂಥ ಕೆಲವೇ ವರ್ಗಗಳಿಗೆ ವಿನಾಯಿತಿ ಇದೆ.

ಮುಚ್ಚದೇ ಇರುವ ಬಾಗಿಲುಗಳೂ ಇವೆ, ಅದನ್ನು ಯಾರೂ ಹೇಳುವುದಿಲ್ಲ. ಅಮೆರಿಕದಿಂದ ಹೊರಗೆ ಬಂದು ಅಲ್ಲಿನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಎಫ್-1 ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ, ಅಸಾಧಾರಣ ಸಾಧನೆ ಇರುವವರ ಓ-1 ವೀಸಾ ಕೇಳಬಹುದು. ಅರ್ಹತೆ ಇದ್ದರೆ ಕೊಡುತ್ತಾರೆ. ಆದರೆ ಇದರಿಂದ ಎರಡು ವರ್ಷದ ಬಾಕಿ ತೀರುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. “ಜೆ-1 ಮುಗಿಸಿ ಎಫ್-1ರಲ್ಲಿ ಪಿಎಚ್‌ಡಿ ಮಾಡಿ ಐದು ವರ್ಷ ಆಯ್ತು, ಈಗಲೂ ಅದು ಇದೆಯಾ?” ಅಂದರೆ, ಇದೆ. ಅದು ತಾನಾಗಿ ಸಾಯುವುದಿಲ್ಲ.

ಹಂತ 1: ಡಿಎಸ್-2019 ತೆಗೆದು ಮೇಜಿನ ಮೇಲೆ ಹರಡಿ

ಡಿಎಸ್-2019 ಎನ್ನುವುದು ನಿಮ್ಮ ಯೂನಿವರ್ಸಿಟಿ ಅಥವಾ ಸ್ಪಾನ್ಸರ್ ಸಂಸ್ಥೆ ಕೊಟ್ಟ ಜೆ-1 ಅರ್ಹತಾ ಪತ್ರ. ವಿಸ್ತರಣೆ ಆದಾಗ, ಸಂಸ್ಥೆ ಬದಲಾದಾಗ, ಪ್ರಯಾಣದ ಸಹಿಗಾಗಿ ಮರುಮುದ್ರಣ ಆದಾಗ, ಪ್ರತಿ ಸಲ ಹೊಸದು ಬಂದಿರುತ್ತದೆ. ಇತ್ತೀಚಿನದೊಂದೇ ಸಾಲದು. ಹತ್ತು ವರ್ಷದ ಹಿಂದೆ ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಬಂದಿದ್ದರೆ ಅದರದ್ದೂ ಬೇಕು. ಯಾವುದಾದರೂ ಕಳೆದಿದ್ದರೆ ಆಗಿನ ಸಂಸ್ಥೆಯ ಅಂತರರಾಷ್ಟ್ರೀಯ ವಿಭಾಗಕ್ಕೆ ಮೇಲ್ ಹಾಕಿ ಪ್ರತಿ ಕೇಳಿ.

ಈಗ ಮೊದಲ ಪುಟದ ಕೆಳಗಿನ ಎಡ ಮೂಲೆ ನೋಡಿ. ಅಲ್ಲಿ ಸಣ್ಣಕ್ಷರದ ಒಂದು ಚೌಕ ಇದೆ. ಕಾನ್ಸುಲೇಟ್‌ನ ಅಧಿಕಾರಿ ತುಂಬುವ ಜಾಗ ಅದು. ‘ಅನ್ವಯಿಸುವುದಿಲ್ಲ’ ಎನ್ನುವುದಕ್ಕೆ ಒಂದು ಗುರುತು, ‘ಅನ್ವಯಿಸುತ್ತದೆ’ ಎನ್ನುವುದಕ್ಕೆ ಇನ್ನೊಂದು. ‘ಅನ್ವಯಿಸುತ್ತದೆ’ ಕೆಳಗೆ ಮತ್ತೆ ಎ, ಬಿ, ಸಿ ಎಂದು ಮೂರು ಕಾರಣ. ಎ ಅಂದರೆ ಸರ್ಕಾರದ ಹಣ. ಬಿ ಅಂದರೆ ಸ್ಕಿಲ್ಸ್ ಲಿಸ್ಟ್. ಸಿ ಎದುರು ‘ಪಿಎಲ್ 94-484’ ಎಂದು ಒಗಟಿನ ಹಾಗೆ ಬರೆದಿರುತ್ತದೆ. ಅದು 1976ರಲ್ಲಿ ಡಾಕ್ಟರುಗಳಿಗಾಗಿ ಮಾಡಿದ ಕಾನೂನಿನ ಸಂಖ್ಯೆ.

ಆ ಚೌಕದ ತಲೆಯಲ್ಲೇ ಇದು ‘ಪ್ರಾಥಮಿಕ’ ಗುರುತು ಎಂದು ಬರೆದಿದೆ. ಜನ ಓದದೇ ಬಿಡುವ ಪದ ಅದೇ. ಸಂದರ್ಶನದ ಕಿಟಕಿಯಲ್ಲಿ ಎರಡು ನಿಮಿಷದಲ್ಲಿ ಹಾಕಿದ ಟಿಕ್ ತಪ್ಪಾಗಿರಬಹುದು. ವೀಸಾ ಮೇಲಿನ ಸಾಲೂ ತಪ್ಪಾಗಿರಬಹುದು. ವೀಸಾದಲ್ಲಿ ‘ಅನ್ವಯಿಸುವುದಿಲ್ಲ’ ಎಂದಿದ್ದರೂ ನಿಜವಾಗಿ ಅನ್ವಯಿಸಬಹುದು, ಉಲ್ಟಾನೂ ಆಗಬಹುದು. ತೂಕ ಇರುವುದು ನಿಜ ಸಂಗತಿಗೆ, ಟಿಕ್‌ಗಲ್ಲ.

ಹಂತ 2: ಮೂರು ಕಾರಣಗಳಲ್ಲಿ ನಿಮ್ಮದು ಯಾವುದು

*ಸ್ಕಿಲ್ಸ್ ಲಿಸ್ಟ್.* ಯಾವ ದೇಶಕ್ಕೆ ಯಾವ ವಿದ್ಯೆಯ ಜನ ಬೇಕು ಎಂದು ಅಮೆರಿಕದ ವಿದೇಶಾಂಗ ಇಲಾಖೆ, ಅಂದರೆ ಸ್ಟೇಟ್ ಡಿಪಾರ್ಟ್‌ಮೆಂಟ್, ಮಾಡಿಟ್ಟಿರುವ ಪಟ್ಟಿ ಇದು. 2009ರ ಪಟ್ಟಿಯಲ್ಲಿ ಭಾರತ ಇತ್ತು. ನಮ್ಮವರು ಸಿಕ್ಕಿಬೀಳುತ್ತಿದ್ದದ್ದು ಹೆಚ್ಚಾಗಿ ಇದರಲ್ಲೇ. 2024ರ ಡಿಸೆಂಬರ್ 9ರಿಂದ ಹೊಸ ಪಟ್ಟಿ ಜಾರಿಗೆ ಬಂತು. ಭಾರತ ಅದರಲ್ಲಿ ಇಲ್ಲ. ಚೀನಾ, ದಕ್ಷಿಣ ಕೊರಿಯಾ, ಬ್ರೆಜಿಲ್, ಸೌದಿ ಅರೇಬಿಯಾ ಕೂಡ ಹೊರಗೆ ಬಂದಿವೆ.

ಇದರಲ್ಲಿ ಮುಖ್ಯವಾದ ಮಾತು ಇನ್ನೊಂದಿದೆ. ಈ ಬದಲಾವಣೆ ಹಿಂದಿನವರಿಗೂ ಅನ್ವಯಿಸುತ್ತದೆ. ನೀವು 2015ರಲ್ಲೋ 2021ರಲ್ಲೋ ಬಂದಿರಿ, ಸ್ಕಿಲ್ಸ್ ಲಿಸ್ಟ್ ಒಂದೇ ಕಾರಣಕ್ಕೆ ಎರಡು ವರ್ಷ ಬಿದ್ದಿತ್ತು ಅಂದರೆ, ಅದು ಈಗ ಇಲ್ಲ. ವೇವರ್ (ಈ ಷರತ್ತಿನಿಂದ ಬಿಡುಗಡೆ) ಬೇಡ, ನೋರಿ ಬೇಡ. ವೀಸಾ ಮೇಲೆ ಹಳೆಯ ಸಾಲು ಹಾಗೇ ಇರುತ್ತದೆ, ಅದನ್ನು ಅಳಿಸಿಕೊಡಿ ಎಂದು ಯಾರ ಬಳಿಯೂ ಹೋಗಬೇಕಿಲ್ಲ. ಎಚ್-1ಬಿ ಅರ್ಜಿ ಹಾಕುವಾಗ ನಿಮ್ಮ ಎಲ್ಲ ಡಿಎಸ್-2019 ಜೊತೆಗೆ ಹೊಸ ಪಟ್ಟಿಯ ಅಧಿಸೂಚನೆಯ ಪ್ರತಿಯನ್ನೂ ಲಗತ್ತಿಸಲು ಕಂಪನಿಯ ವಕೀಲರಿಗೆ ಹೇಳಿ.

ಆದರೆ ‘ಒಂದೇ ಕಾರಣಕ್ಕೆ’ ಎನ್ನುವುದನ್ನು ಗಮನಿಸಿ. ಬಿ ಜೊತೆಗೆ ಎ ಕೂಡ ಇದ್ದರೆ, ಬಿ ಹೋದರೂ ಎ ಉಳಿಯುತ್ತದೆ.

*ಸರ್ಕಾರದ ಹಣ.* ಅಮೆರಿಕ ಸರ್ಕಾರದ್ದಿರಲಿ, ಭಾರತ ಸರ್ಕಾರದ್ದಿರಲಿ, ವಿನಿಮಯಕ್ಕೆಂದು ಕೊಟ್ಟ ಹಣ ಸ್ವಲ್ಪ ಸೇರಿದ್ದರೂ ಸಾಕು. ಫುಲ್‌ಬ್ರೈಟ್-ನೆಹರೂ ಫೆಲೋಶಿಪ್ ಇದಕ್ಕೆ ನೇರ ಉದಾಹರಣೆ. ಅದರಲ್ಲಿ ಎರಡೂ ಸರ್ಕಾರಗಳ ದುಡ್ಡಿದೆ. ಭಾರತ ಸರ್ಕಾರದ ಸಂಸ್ಥೆಗಳು ಕೊಡುವ ವಿದೇಶಿ ಪೋಸ್ಟ್‌ಡಾಕ್ ಫೆಲೋಶಿಪ್‌ಗಳೂ ಇಲ್ಲಿಗೇ ಬರುತ್ತವೆ.

ಪತ್ತೆ ಮಾಡುವುದು ಹೇಗೆ? ಡಿಎಸ್-2019ರ 5ನೇ ಅಂಕಣದಲ್ಲಿ ಹಣ ಎಲ್ಲಿಂದ ಬಂತು ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಅಮೆರಿಕ ಸರ್ಕಾರದ ಸಂಸ್ಥೆ, ನಿಮ್ಮ ಸರ್ಕಾರ, ಎರಡು ದೇಶಗಳ ಜಂಟಿ ಆಯೋಗ, ಇವುಗಳ ಎದುರು ಮೊತ್ತ ಇದೆಯಾ ನೋಡಿ. ಇದ್ದರೆ ಎ ಅನ್ವಯಿಸುವ ಸಾಧ್ಯತೆ ಜಾಸ್ತಿ. ಮೇಲೆ 2ನೇ ಅಂಕಣದಲ್ಲಿ ಕಾರ್ಯಕ್ರಮದ ಸಂಖ್ಯೆ ಇರುತ್ತದೆ. ಅದು ‘ಜಿ’ ಅಕ್ಷರದಿಂದ ಶುರುವಾದರೆ ಸರ್ಕಾರಿ ಕಾರ್ಯಕ್ರಮ, ‘ಪಿ’ ಇದ್ದರೆ ಖಾಸಗಿ.

ಇಲ್ಲಿ ಗಾಬರಿಯಾಗುವವರೇ ಹೆಚ್ಚು. “ನಮ್ಮ ಪ್ರೊಫೆಸರ್‌ಗೆ ಎನ್‌ಎಸ್‌ಎಫ್ ಗ್ರಾಂಟ್ ಇದೆ, ನನ್ನ ಸಂಬಳ ಅದರಿಂದಲೇ ಬರುತ್ತದೆ, ಹಾಗಾದರೆ ಸರ್ಕಾರದ ಹಣ ಅಲ್ವಾ?” ಸಾಮಾನ್ಯವಾಗಿ ಅಲ್ಲ. ಎನ್‌ಎಸ್‌ಎಫ್ ಅಮೆರಿಕ ಸರ್ಕಾರದ ವಿಜ್ಞಾನ ನಿಧಿ ಸಂಸ್ಥೆಯೇ, ಆದರೆ ಆ ಹಣ ಕೊಟ್ಟಿರುವುದು ಸಂಶೋಧನೆಗೆ, ವಿದೇಶಿಯರ ವಿನಿಮಯಕ್ಕಲ್ಲ. ಆದರೂ ನಿಮ್ಮ ಡಿಎಸ್-2019ರಲ್ಲಿ ಸರ್ಕಾರಿ ಸಂಸ್ಥೆಯ ಎದುರು ಅಂಕಿ ಇದ್ದರೆ ಸುಮ್ನೆ ಊಹೆ ಮಾಡಬೇಡಿ, ಮೂರನೇ ಹಂತಕ್ಕೆ ಹೋಗಿ.

*ಡಾಕ್ಟರುಗಳು.* ಇಸಿಎಫ್‌ಎಂಜಿ (ವಿದೇಶದಲ್ಲಿ ಓದಿದ ಡಾಕ್ಟರುಗಳ ಅರ್ಹತೆ ನೋಡುವ ಅಮೆರಿಕದ ಸಂಸ್ಥೆ) ಪ್ರಾಯೋಜಿಸಿದ ಜೆ-1ರಲ್ಲಿ ರೆಸಿಡೆನ್ಸಿ ಅಥವಾ ಅದರ ನಂತರದ ಫೆಲೋಶಿಪ್ ತರಬೇತಿ ಮಾಡುವ ಎಲ್ಲರಿಗೂ ನಿಯಮ ಅನ್ವಯಿಸುತ್ತದೆ. ಸ್ಕಿಲ್ಸ್ ಲಿಸ್ಟ್‌ನಿಂದ ಭಾರತ ಹೊರಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ರೋಗಿಗಳನ್ನು ನೋಡದೆ ಬರೀ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಎಂಬಿಬಿಎಸ್‌ನವರು ಈ ಗುಂಪಿಗೆ ಸೇರುವುದಿಲ್ಲ.

ಜೆ-2ರಲ್ಲಿರುವ ಹೆಂಡತಿ, ಗಂಡ, ಮಕ್ಕಳಿಗೂ ಜೆ-1ರವರ ಗತಿಯೇ. ಜೆ-1ರವರಿಗೆ ವೇವರ್ ಸಿಕ್ಕರೆ ಅದೇ ಅವರಿಗೂ ಸಾಕು. ಅವರು ಬೇರೆಯಾಗಿ ಅರ್ಜಿ ಹಾಕುವಂತಿಲ್ಲ. ವಿಚ್ಛೇದನ ಆದರೆ, ಜೆ-1ರವರು ತೀರಿಕೊಂಡರೆ ಅಥವಾ ಮಗು 21 ದಾಟಿದರೆ ಅವರ ಪರವಾಗಿ ಸ್ಟೇಟ್ ಡಿಪಾರ್ಟ್‌ಮೆಂಟ್ ವಿಶೇಷವಾಗಿ ಪರಿಶೀಲಿಸಬಹುದು.

ಹಂತ 3: ಅನುಮಾನ ಇದ್ದರೆ ಬರಹದಲ್ಲಿ ಉತ್ತರ ಪಡೆಯಿರಿ

ಇದಕ್ಕೆ ಅಡ್ವೈಸರಿ ಒಪಿನಿಯನ್ ಎನ್ನುತ್ತಾರೆ. ಸ್ಟೇಟ್ ಡಿಪಾರ್ಟ್‌ಮೆಂಟ್‌ನ ವೇವರ್ ರಿವ್ಯೂ ಡಿವಿಷನ್‌ಗೆ ನಿಮ್ಮ ಎಲ್ಲ ಡಿಎಸ್-2019 ಪ್ರತಿ ಕಳಿಸಿ, ‘ನನಗೆ 212(ಇ) ಅನ್ವಯಿಸುತ್ತದೆಯೇ?’ ಎಂದು ಕೇಳುವುದು. ಹಣದ ಮೂಲದ ಬಗ್ಗೆ ಗೊಂದಲ ಇದ್ದರೆ ಫೆಲೋಶಿಪ್‌ನ ಪತ್ರವನ್ನೂ ಸೇರಿಸಿ. ಉತ್ತರ ಪತ್ರದ ರೂಪದಲ್ಲಿ ಬರುತ್ತದೆ. ‘ಅನ್ವಯಿಸುವುದಿಲ್ಲ’ ಎಂದು ಬಂದರೆ ಆ ಪತ್ರವೇ ನಿಮ್ಮ ಆಸ್ತಿ. ಮುಂದೆ ಎಚ್-1ಬಿ, ಗ್ರೀನ್ ಕಾರ್ಡ್ ಎಲ್ಲದಕ್ಕೂ ಲಗತ್ತಿಸಬಹುದು.

ಸ್ಪಷ್ಟವಾಗಿ ಅನ್ವಯಿಸುತ್ತದೆ ಎಂದು ಗೊತ್ತಿರುವವರು ಇಲ್ಲಿ ಸಮಯ ಕಳೆಯಬೇಡಿ. ಫುಲ್‌ಬ್ರೈಟ್‌ನಲ್ಲಿ ಬಂದು ‘ಒಂದು ಸಲ ಕೇಳಿ ನೋಡೋಣ’ ಎನ್ನುವುದರಲ್ಲಿ ಅರ್ಥವಿಲ್ಲ.

ಹಂತ 4: ಐದು ದಾರಿಗಳಲ್ಲಿ ಒಂದನ್ನು ಆರಿಸಿ

ವೇವರ್ ಅಂದರೆ ಎರಡು ವರ್ಷದ ಷರತ್ತಿನಿಂದ ಬಿಡುಗಡೆ. ಅದಕ್ಕೆ ಕಾನೂನಿನಲ್ಲಿ ಐದು ಆಧಾರಗಳಿವೆ.

1. ನೋ ಆಬ್ಜೆಕ್ಷನ್: ‘ಈ ವ್ಯಕ್ತಿ ವಾಪಸ್ ಬರದಿದ್ದರೂ ನಮ್ಮ ಆಕ್ಷೇಪ ಇಲ್ಲ’ ಎಂದು ಭಾರತ ಸರ್ಕಾರ ಹೇಳುವುದು. ನೋರಿ ಅಂದರೆ ಇದೇ. ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲ ಎನ್ನುವ ಪ್ರಮಾಣಪತ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ರೆಸಿಡೆನ್ಸಿ ಮಾಡಿದ ಡಾಕ್ಟರುಗಳಿಗೆ ಈ ದಾರಿ ಕಾನೂನಿನಲ್ಲೇ ಇಲ್ಲ.
2. ಅಮೆರಿಕದ ಸರ್ಕಾರಿ ಸಂಸ್ಥೆಯ ಕೋರಿಕೆ: ಆರೋಗ್ಯ ಇಲಾಖೆ, ರಕ್ಷಣಾ ಇಲಾಖೆಯಂಥ ಫೆಡರಲ್ ಸಂಸ್ಥೆ ‘ಇವರ ಕೆಲಸ ನಮಗೆ ಬೇಕು’ ಎಂದು ಬರೆಯುವುದು.
3. ಅಸಾಧಾರಣ ಕಷ್ಟ: ನಿಮ್ಮ ಸಂಗಾತಿ ಅಥವಾ ಮಗು ಅಮೆರಿಕದ ನಾಗರಿಕರೋ ಗ್ರೀನ್ ಕಾರ್ಡ್ ಇರುವವರೋ ಆಗಿದ್ದು, ನೀವು ಹೋದರೆ ಅವರಿಗೆ ಅಸಾಧಾರಣ ತೊಂದರೆ ಆಗುತ್ತದೆ ಎಂದು ತೋರಿಸುವುದು.
4. ಕಿರುಕುಳದ ಭಯ: ಜನಾಂಗ, ಧರ್ಮ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ. ಈ ದಾರಿಗೆ ವಕೀಲರಿಲ್ಲದೆ ಇಳಿಯಬೇಡಿ.
5. ಕಾನ್ರಾಡ್ 30: ಡಾಕ್ಟರುಗಳಿಗೆ ಮಾತ್ರ. ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅಮೆರಿಕ ಸರ್ಕಾರದ ದುಡ್ಡಿನಲ್ಲಿ ಬಂದವರಿಗೆ ನೋರಿ ತಂದರೂ ಪ್ರಯೋಜನ ಬಹಳ ಕಡಿಮೆ. ದುಡ್ಡು ಕೊಟ್ಟ ಸಂಸ್ಥೆಯ ಅಭಿಪ್ರಾಯ ಕೇಳುತ್ತಾರೆ, ಅದು ಸಾಮಾನ್ಯವಾಗಿ ‘ವಾಪಸ್ ಹೋಗಲಿ’ ಎಂದೇ ಇರುತ್ತದೆ. ಫುಲ್‌ಬ್ರೈಟ್‌ನವರಿಗಂತೂ ಆಸೆ ಇಟ್ಟುಕೊಳ್ಳಬೇಡಿ ಎನ್ನುತ್ತೇನೆ. ನೋರಿ ನಿಜವಾಗಿ ಕೆಲಸಕ್ಕೆ ಬರುವುದು ಭಾರತ ಸರ್ಕಾರದ ಹಣದಲ್ಲಿ ಬಂದವರಿಗೆ. ಅವರು ಮೊದಲು ನೋಡಬೇಕಾದದ್ದು ಫೆಲೋಶಿಪ್ ತೆಗೆದುಕೊಳ್ಳುವಾಗ ಸಹಿ ಹಾಕಿದ ಬಾಂಡ್. ‘ಮರಳಿ ಬಂದು ಇಷ್ಟು ವರ್ಷ ಕೆಲಸ ಮಾಡುತ್ತೇನೆ’ ಎಂದು ಬರೆದುಕೊಟ್ಟಿದ್ದರೆ ಅದನ್ನು ಇತ್ಯರ್ಥ ಮಾಡಿಕೊಳ್ಳದೆ ದೆಹಲಿಯಿಂದ ‘ಆಕ್ಷೇಪ ಇಲ್ಲ’ ಎನ್ನುವ ಮಾತು ಹೊರಡುವುದು ಕಷ್ಟ.

ಅಸಾಧಾರಣ ಕಷ್ಟದ ದಾರಿಯಲ್ಲೂ ಒಂದು ಗುಂಡಿ ಇದೆ. ‘ಮಗುವನ್ನು ಬಿಟ್ಟು ಹೋದರೆ ಮಗುವಿಗೆ ಕಷ್ಟ’ ಎಂದು ತೋರಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ‘ಮಗುವನ್ನು ಭಾರತಕ್ಕೆ ಕರೆದುಕೊಂಡು ಹೋದರೂ ಕಷ್ಟ’ ಎಂದೂ ತೋರಿಸಬೇಕು. ಎರಡು ವರ್ಷ ಬೇರೆ ಇರುವ ಮಾಮೂಲಿ ಬೇಸರ, ದುಡ್ಡಿನ ಬಿಗಿ, ಇಂಗ್ಲಿಷ್ ಶಾಲೆಯ ಫೀಸು, ಇಷ್ಟರಿಂದ ಆಗುವುದಿಲ್ಲ. ಮಗುವಿಗೆ ಗಂಭೀರ ಕಾಯಿಲೆ ಇದ್ದು ಚಿಕಿತ್ಸೆ ನಡೆಯುತ್ತಿದ್ದರೆ ಆ ವೈದ್ಯರ ವಿವರವಾದ ಪತ್ರ, ದಾಖಲೆ, ಭಾರತಕ್ಕೆ ಹೋದರೆ ಏನಾಗುತ್ತದೆ ಎನ್ನುವ ಪುರಾವೆ ಬೇಕು.

ಹಂತ 5: ಅರ್ಜಿಗೂ ಮೊದಲು ಕ್ಯಾಲೆಂಡರ್

ಹೆಚ್ಚು ಜನ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಸ್ಟೇಟ್ ಡಿಪಾರ್ಟ್‌ಮೆಂಟ್ ನಿಮಗೆ ವೇವರ್ ಕೊಡಬಹುದು ಎಂದು ಒಮ್ಮೆ ಶಿಫಾರಸು ಮಾಡಿತು ಅಂದರೆ, ಆಮೇಲೆ ನಿಮ್ಮ ಜೆ-1 ಕಾರ್ಯಕ್ರಮವನ್ನು ವಿಸ್ತರಿಸಲು ಆಗುವುದಿಲ್ಲ. ಕೈಯಲ್ಲಿರುವ ಡಿಎಸ್-2019ರ ಕೊನೆಯ ತಾರೀಕಿನವರೆಗೆ ಕೆಲಸ ಮಾಡಬಹುದು, ಅಷ್ಟೇ. ಡಿಎಸ್-2019 ಆಗಸ್ಟ್‌ಗೆ ಮುಗಿಯುತ್ತದೆ, ವೇವರ್ ಶಿಫಾರಸು ಮೇ ತಿಂಗಳಲ್ಲಿ ಬಂತು, ಎಚ್-1ಬಿ ಇನ್ನೂ ಆಗಿಲ್ಲ ಅಂದುಕೊಳ್ಳಿ. ಆಗಸ್ಟ್ ನಂತರ ಸಂಬಳವೂ ಇಲ್ಲ, ವಿಸ್ತರಣೆಯೂ ಇಲ್ಲ. ವೇವರ್ ಸಿಕ್ಕ ಸಂತೋಷಕ್ಕೆ ಮನೆ ಖಾಲಿ ಮಾಡಬೇಕಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಡಿಎಸ್-2019 ಎಷ್ಟು ದೂರದವರೆಗೆ ವಿಸ್ತರಿಸಲು ಸಾಧ್ಯವೋ ಅಷ್ಟು ವಿಸ್ತರಿಸಿಕೊಳ್ಳಿ. ಆಮೇಲೆ ವೇವರ್ ಅರ್ಜಿ. ಅದರ ಜೊತೆಜೊತೆಗೇ ಎಚ್-1ಬಿ ಯಾರು ಹಾಕುತ್ತಾರೆ ಎಂದು ಮಾತಾಡಿಕೊಳ್ಳಿ. ಯೂನಿವರ್ಸಿಟಿಗೆ ಎಚ್-1ಬಿಯ ವಾರ್ಷಿಕ ಸಂಖ್ಯೆಯ ಮಿತಿ ಇಲ್ಲ, ಯಾವಾಗ ಬೇಕಾದರೂ ಹಾಕಬಹುದು. ಖಾಸಗಿ ಕಂಪನಿಯಾದರೆ ಮಾರ್ಚ್‌ನಲ್ಲಿ ಲಾಟರಿ, ಅಕ್ಟೋಬರ್ 1ಕ್ಕೆ ಕೆಲಸ ಶುರು. ಅಮೆರಿಕದೊಳಗಿದ್ದೇ ಸ್ಟೇಟಸ್ ಬದಲಿಸುವುದಾದರೆ ಅರ್ಜಿ ಹಾಕುವಷ್ಟರಲ್ಲಿ ವೇವರ್ ಕೈಗೆ ಬಂದಿರಬೇಕು. ಇಡೀ ಪ್ರಕ್ರಿಯೆ ವಾರಗಳಲ್ಲಿ ಮುಗಿಯುವುದಿಲ್ಲ, ತಿಂಗಳುಗಳ ಲೆಕ್ಕ ಹಾಕಿಕೊಳ್ಳಿ.

ಹಂತ 6: ಡಿಎಸ್-3035 ತುಂಬಿ

ಇದು ವೇವರ್ ಅರ್ಜಿ. ಸ್ಟೇಟ್ ಡಿಪಾರ್ಟ್‌ಮೆಂಟ್‌ನ ವೆಬ್‌ಸೈಟಿನಲ್ಲೇ ಆನ್‌ಲೈನ್ ತುಂಬಬೇಕು. ಕೈಯಲ್ಲಿ ಬರೆದದ್ದು ನಡೆಯುವುದಿಲ್ಲ. ತುಂಬಿದ ಮೇಲೆ ಒಂದು ಕೇಸ್ ನಂಬರ್ ಬರುತ್ತದೆ, ಜೊತೆಗೆ ಬಾರ್‌ಕೋಡ್ ಇರುವ ಪುಟ. ಅದನ್ನು ಮುದ್ರಿಸಿ, ಉಳಿದ ಕಾಗದಗಳ ಜೊತೆ ಸೂಚನೆಯಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕು. ಕಟ್ಟಿನಲ್ಲಿ ಇರಬೇಕಾದದ್ದು:

- ಬಾರ್‌ಕೋಡ್ ಪುಟ ಮತ್ತು ಮುದ್ರಿಸಿದ ಅರ್ಜಿ
- 120 ಡಾಲರ್ ಶುಲ್ಕ, ಸೂಚನೆ ಪುಟ ಹೇಳಿದ ರೂಪದಲ್ಲಿ
- ಈವರೆಗಿನ ಎಲ್ಲ ಡಿಎಸ್-2019 ಪ್ರತಿಗಳು
- ಪಾಸ್‌ಪೋರ್ಟ್‌ನ ವಿವರದ ಪುಟದ ಪ್ರತಿ
- ಏಕೆ ವೇವರ್ ಬೇಕು ಎನ್ನುವ ಹೇಳಿಕೆ
- ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಎರಡು ಲಕೋಟೆ

ಪ್ರತಿ ಹಾಳೆಯ ಮೇಲೂ ಕೇಸ್ ನಂಬರ್ ಬರೆಯಿರಿ. ಬಾರ್‌ಕೋಡ್ ಪುಟ ಮರೆತರೆ ಕಟ್ಟು ದಿಕ್ಕಿಲ್ಲದ ಹಾಗಾಗುತ್ತದೆ. ಶುಲ್ಕ ವಾಪಸ್ ಬರುವುದಿಲ್ಲ.

ಹೇಳಿಕೆಯ ಬಗ್ಗೆ ಎರಡು ಮಾತು. ಒಂದು ಪುಟ ಸಾಕು. ಯಾವ ಕಾರ್ಯಕ್ರಮಕ್ಕೆ ಬಂದಿರಿ, ಏನು ಮಾಡಿದಿರಿ, ಈಗ ಯಾವ ಕೆಲಸ ಕಾದಿದೆ, ಎರಡು ವರ್ಷ ಬಿಟ್ಟರೆ ಆ ಕೆಲಸಕ್ಕೆ ಏನಾಗುತ್ತದೆ, ಇಷ್ಟು. ‘ಅಮೆರಿಕ ಅವಕಾಶಗಳ ನಾಡು’ ಎಂದು ಪ್ರಬಂಧ ಬರೆಯಬೇಡಿ. ಭಾರತವನ್ನು ಬೈಯುವುದೂ ಬೇಡ. ನಿಮಗೆ ನೋರಿ ಕೊಡಬೇಕಾದದ್ದು ಅದೇ ಸರ್ಕಾರ ಅಲ್ವಾ.

ಅಸಾಧಾರಣ ಕಷ್ಟ ಮತ್ತು ಕಿರುಕುಳದ ದಾರಿಯವರು ಇದರ ಜೊತೆ ಐ-612 ಎಂಬ ಇನ್ನೊಂದು ಅರ್ಜಿಯನ್ನು ಯುಎಸ್‌ಸಿಐಎಸ್‌ಗೆ, ಅಂದರೆ ವಲಸೆ ಇಲಾಖೆಗೆ, ಹಾಕಬೇಕು. ಮೊದಲು ಅಲ್ಲಿ ಕಷ್ಟ ಇದೆ ಎಂದು ಒಪ್ಪಬೇಕು, ಆಮೇಲೆ ಸ್ಟೇಟ್ ಡಿಪಾರ್ಟ್‌ಮೆಂಟ್‌ಗೆ ಬರುತ್ತದೆ.

ಹಂತ 7: ನೋರಿ (ನೋ ಆಬ್ಜೆಕ್ಷನ್ ದಾರಿಯವರಿಗೆ ಮಾತ್ರ)

ನೋರಿಯನ್ನು ಕೊನೆಗೆ ಕೊಡುವುದು ಅಮೆರಿಕದಲ್ಲಿರುವ ಭಾರತದ ರಾಯಭಾರ ವ್ಯವಸ್ಥೆ. ಆದರೆ ಅದಕ್ಕೂ ಮೊದಲು ಭಾರತದೊಳಗಿನ ಕಚೇರಿಗಳಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕಾಗುತ್ತದೆ. ವಾಡಿಕೆಯಲ್ಲಿ ಮೂರು ಕಡೆ: ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಇಲಾಖೆ, ನಿಮ್ಮ ರಾಜ್ಯ ಸರ್ಕಾರ, ಪಾಸ್‌ಪೋರ್ಟ್ ಕಚೇರಿ. ಸಚಿವಾಲಯದ ಅರ್ಜಿ ಆನ್‌ಲೈನ್ ಆಗಿದೆ. ರಾಜ್ಯ ಸರ್ಕಾರದ ಕಾಗದಕ್ಕೆ ಈಗಲೂ ಒಬ್ಬರು ಓಡಾಡುವುದು ಒಳ್ಳೆಯದು. ಬೆಂಗಳೂರಿನಲ್ಲಿರುವ ಅಪ್ಪನಿಗೋ ತಮ್ಮನಿಗೋ ಒಂದು ಅಧಿಕಾರ ಪತ್ರ ಬರೆದುಕೊಡಿ. ಫೈಲು ಯಾವ ಟೇಬಲ್ ಮೇಲಿದೆ ಎಂದು ಹೋಗಿ ಕೇಳುವವರು ಇದ್ದರೆ ಕೆಲಸ ಬೇಗ ಆಗುತ್ತದೆ. ಅಂದಂದಿನ ದಾಖಲೆ ಪಟ್ಟಿಯನ್ನು ನಿಮ್ಮ ವ್ಯಾಪ್ತಿಯ ಭಾರತೀಯ ಕಾನ್ಸುಲೇಟ್‌ನ ಪುಟದಿಂದಲೇ ತೆಗೆದುಕೊಳ್ಳಿ. ಸ್ನೇಹಿತರು ನಾಲ್ಕು ವರ್ಷದ ಹಿಂದೆ ಕಳಿಸಿದ ಪಿಡಿಎಫ್ ನಂಬಬೇಡಿ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ತಲೆನೋವು ಇದೆ: ಹೆಸರು. ನಮ್ಮಲ್ಲಿ ಸರ್‌ನೇಮ್ ಇಲ್ಲದವರು ಎಷ್ಟೋ ಜನ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್. ಎಸ್.’ ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಬಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬಿದ್ದಿರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಹೀಗೆ ಒಬ್ಬನೇ ಮನುಷ್ಯ ಮೂರು ಕಾಗದದಲ್ಲಿ ಮೂರು ಜನ ಆಗಿರುತ್ತಾನೆ. ಅರ್ಜಿ ಹಾಕುವ ಮೊದಲೇ ಒಂದು ಅಫಿಡವಿಟ್ ಮಾಡಿಸಿ: ‘ಈ ಮೂರೂ ಹೆಸರಿನ ವ್ಯಕ್ತಿ ನಾನೇ’ ಎಂದು. ಡಿಎಸ್-3035ರಲ್ಲಿ ಮತ್ತು ನೋರಿ ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ, ಅದೇ ಅಕ್ಷರ ಜೋಡಣೆಯಲ್ಲಿ ಬಳಸಿ.

ಇನ್ನೊಂದು ತಪ್ಪು: ನೋರಿ ಪ್ರತಿ ಕೈಗೆ ಬಂತು ಎಂದು ತಾವೇ ಲಕೋಟೆಯಲ್ಲಿ ಹಾಕಿ ಕಳಿಸುವುದು. ಅದು ಲೆಕ್ಕಕ್ಕೆ ಬರುವುದಿಲ್ಲ. ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿಯಿಂದ ಅದು ನೇರವಾಗಿ ವೇವರ್ ರಿವ್ಯೂ ಡಿವಿಷನ್‌ಗೆ ಹೋಗಬೇಕು. ನಿಮ್ಮ ಕೇಸ್ ನಂಬರ್ ಅವರಿಗೆ ಗೊತ್ತಿರಬೇಕು, ಅದಕ್ಕೇ ಆರನೇ ಹಂತ ಮೊದಲು ಮುಗಿಸಿ ಎಂದದ್ದು.

ಹಂತ 8: ಕಾಯುವ ಕಾಲ

ಕೇಸ್ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಸ್ಥಿತಿ ನೋಡಬಹುದು. ಯಾವ ದಾಖಲೆ ತಲುಪಿದೆ, ಯಾವುದು ಬಂದಿಲ್ಲ ಎಂದು ಅಲ್ಲಿ ಗೊತ್ತಾಗುತ್ತದೆ. ಎಲ್ಲ ಸೇರುವವರೆಗೆ ಫೈಲು ಮುಂದೆ ಹೋಗುವುದಿಲ್ಲ. ಮನೆ ಬದಲಾಯಿಸಿದರೆ ವಿಳಾಸ ಬದಲಾಯಿಸಲು ಮರೆಯಬೇಡಿ.

ಸ್ಟೇಟ್ ಡಿಪಾರ್ಟ್‌ಮೆಂಟ್ ಮಾಡುವುದು ಶಿಫಾರಸು ಮಾತ್ರ. ಅದು ಯುಎಸ್‌ಸಿಐಎಸ್‌ಗೆ ಹೋಗುತ್ತದೆ, ಕೊನೆಯ ಮಂಜೂರಾತಿ ಅಲ್ಲಿಂದ. ಅವರ ಮಂಜೂರಾತಿ ನೋಟಿಸ್ ಬಂದಾಗ ವೇವರ್ ಆಯಿತು ಎಂದರ್ಥ. ಅದನ್ನು ಸ್ಕ್ಯಾನ್ ಮಾಡಿ ಎರಡು ಮೂರು ಕಡೆ ಇಡಿ. ಹತ್ತು ವರ್ಷ ಬಿಟ್ಟು ಗ್ರೀನ್ ಕಾರ್ಡ್ ಅರ್ಜಿ ಹಾಕುವಾಗಲೂ ಕೇಳುತ್ತಾರೆ.

ತಿರಸ್ಕಾರವಾದರೆ? ನೋ ಆಬ್ಜೆಕ್ಷನ್ ದಾರಿಯಲ್ಲಿ ಮೇಲ್ಮನವಿ ಇಲ್ಲ. ಬೇರೆ ಆಧಾರ ಇದ್ದರೆ ಅದರ ಮೇಲೆ ಹೊಸದಾಗಿ ಅರ್ಜಿ ಹಾಕಬಹುದು.

ಡಾಕ್ಟರುಗಳಿಗೆ

ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಮಣಿಪಾಲದಲ್ಲಿ ಓದಿ ರೆಸಿಡೆನ್ಸಿಗೆ ಹೋದವರ ಮನೆಯಲ್ಲಿ ಕಾನ್ರಾಡ್ ಎನ್ನುವ ಹೆಸರು ಚೆನ್ನಾಗಿ ಗೊತ್ತು. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಹೆಸರಿನ ಈ ಯೋಜನೆ 1994ರಲ್ಲಿ ಶುರುವಾಯಿತು. ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಡಾಕ್ಟರುಗಳು ಸಿಗುತ್ತಿರಲಿಲ್ಲ, ಅದಕ್ಕೆ ಕಂಡುಕೊಂಡ ದಾರಿ. ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ಷರತ್ತುಗಳು ಹೀಗಿವೆ:

- ಡಾಕ್ಟರುಗಳ ಕೊರತೆ ಇದೆ ಎಂದು ಸರ್ಕಾರ ಗುರುತಿಸಿದ ಪ್ರದೇಶದಲ್ಲಿ ಕೆಲಸ. 30ರಲ್ಲಿ 10 ಜಾಗಗಳನ್ನು, ಅಂಥ ಪ್ರದೇಶದ ರೋಗಿಗಳಿಗೆ ಉಪಯೋಗವಾಗುವ ಬೇರೆ ಕಡೆಯ ಆಸ್ಪತ್ರೆಗಳಿಗೂ ರಾಜ್ಯ ಕೊಡಬಹುದು.
- ವಾರಕ್ಕೆ 40 ಗಂಟೆ, ಮೂರು ವರ್ಷ, ಎಚ್-1ಬಿಯಲ್ಲಿ. ಇದಕ್ಕೆ ಎಚ್-1ಬಿ ಲಾಟರಿ ಇಲ್ಲ.
- ವೇವರ್ ಸಿಕ್ಕ 90 ದಿನದೊಳಗೆ ಕೆಲಸಕ್ಕೆ ಸೇರುತ್ತೇನೆ ಎಂದು ಒಪ್ಪಬೇಕು.

ರಾಜ್ಯಗಳ ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಶುರು. ಪ್ರತಿ ರಾಜ್ಯದ ನಿಯಮ, ಆದ್ಯತೆ, ಅರ್ಜಿ ತೆರೆಯುವ ದಿನ ಬೇರೆ ಬೇರೆ. ಬೇಡಿಕೆ ಜಾಸ್ತಿ ಇರುವ ರಾಜ್ಯಗಳಲ್ಲಿ ಬೇಗ ತುಂಬಿಹೋಗುತ್ತವೆ. ಜೂನ್‌ನಲ್ಲಿ ತರಬೇತಿ ಮುಗಿಯುತ್ತದೆ ಎಂದರೆ ಅದಕ್ಕೂ ಒಂದು ವರ್ಷಕ್ಕಿಂತ ಮೊದಲೇ ಕೆಲಸ ಹುಡುಕಬೇಕು.

ಒಪ್ಪಂದ ಓದುವಾಗ ಒಂದು ವಿಷಯ ಹುಡುಕಿ: ‘ಕೆಲಸ ಬಿಟ್ಟರೆ ಇಷ್ಟು ಮೈಲಿಯೊಳಗೆ ಪ್ರಾಕ್ಟೀಸ್ ಮಾಡುವಂತಿಲ್ಲ’ ಎನ್ನುವ ಸಾಲು. ಅದನ್ನು ನಾನ್-ಕಾಂಪೀಟ್ ಎನ್ನುತ್ತಾರೆ. ಕಾನ್ರಾಡ್ ಒಪ್ಪಂದದಲ್ಲಿ ಅದು ಇರಬಾರದು. ಇದ್ದರೆ ತೆಗೆಸಿ. ಮತ್ತೆ, ಮೂರು ವರ್ಷ ಪೂರ್ತಿ ಮಾಡದೆ ಬಿಟ್ಟರೆ ಎರಡು ವರ್ಷದ ಷರತ್ತು ವಾಪಸ್ ಬಂದು ಕೂರುತ್ತದೆ. ಆಸ್ಪತ್ರೆಯೇ ಮುಚ್ಚಿತು ಎನ್ನುವಂಥ ಕಾರಣ ಇದ್ದರೆ ಮಾತ್ರ ಬೇರೆ ಕಡೆ ಹೋಗಿ ಉಳಿದದ್ದನ್ನು ಪೂರೈಸಲು ಬಿಡುತ್ತಾರೆ. ಆದ್ದರಿಂದ ಸಂಬಳಕ್ಕಿಂತ ಮೊದಲು ಊರು ನೋಡಿ. ಚಳಿಗಾಲದಲ್ಲಿ ಒಮ್ಮೆ ಹೋಗಿ ಬನ್ನಿ, ಮನೆಯವರನ್ನೂ ಕರೆದುಕೊಂಡು. ಮೂರು ವರ್ಷ ಅಲ್ಲಿ ಇರಬೇಕಾದವರು ಅವರೂ ಹೌದು.

ಕಾನ್ರಾಡ್ ಸಿಗದವರಿಗೆ ಅಪಲಾಚಿಯನ್ ರೀಜನಲ್ ಕಮಿಷನ್, ಡೆಲ್ಟಾ ರೀಜನಲ್ ಅಥಾರಿಟಿ ಎಂಬ ಪ್ರಾದೇಶಿಕ ಅಭಿವೃದ್ಧಿ ಸಂಸ್ಥೆಗಳು, ಮಾಜಿ ಸೈನಿಕರ ಆಸ್ಪತ್ರೆಗಳು, ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆಯ ಮೂಲಕವೂ ದಾರಿ ಇದೆ.

12 ತಿಂಗಳು, 24 ತಿಂಗಳು ಬೇರೆ, ಇದು ಬೇರೆ

ರಿಸರ್ಚ್ ಸ್ಕಾಲರ್ ಮತ್ತು ಪ್ರೊಫೆಸರ್ ವರ್ಗದ ಜೆ-1 ಮುಗಿಸಿದವರು ಮತ್ತೆ ಅದೇ ವರ್ಗಗಳಲ್ಲಿ ಬರಲು 24 ತಿಂಗಳು ಕಾಯಬೇಕು. ಬೇರೆ ವರ್ಗದ ಜೆ-1ರಲ್ಲಿ ಇದ್ದವರಿಗೆ 12 ತಿಂಗಳ ತಡೆ ಬರಬಹುದು. 24 ತಿಂಗಳು, ಎರಡು ವರ್ಷ, ಒಂದೇ ಅಲ್ವಾ ಎಂದು ಜನ ಎರಡನ್ನೂ ಕಲಸುತ್ತಾರೆ. ಆ ತಡೆ ಇರುವುದು ಮತ್ತೆ ಜೆ-1ರಲ್ಲಿ ಬರುವುದಕ್ಕೆ ಮಾತ್ರ, ಎಚ್-1ಬಿಗೆ ಅದು ಅಡ್ಡಿಯಲ್ಲ. ಅದನ್ನು ಭಾರತದಲ್ಲೇ ಕಳೆಯಬೇಕೆಂದೂ ಇಲ್ಲ. ಅದಕ್ಕೆ ವೇವರ್ ಎನ್ನುವುದೇ ಇಲ್ಲ.

ವಾಪಸ್ ಹೋಗಿಯೇ ತೀರಿಸುತ್ತೇನೆ ಎನ್ನುವವರಿಗೆ

ಫುಲ್‌ಬ್ರೈಟ್‌ನವರಿಗೆ ನಾನು ಹೇಳುವುದು ಇದನ್ನೇ. ಎರಡು ವರ್ಷ ಒಂದೇ ಸಲ ಇರಬೇಕೆಂದಿಲ್ಲ, ಬಿಡಿಬಿಡಿಯಾಗಿ ಸೇರಿಸಬಹುದು. ಆದರೆ ಭಾರತದಲ್ಲಿ ಇದ್ದ ದಿನಗಳು ಮಾತ್ರ ಲೆಕ್ಕಕ್ಕೆ. ಮಧ್ಯೆ 12 ದಿನ ಸಿಂಗಾಪುರಕ್ಕೆ ಕಾನ್ಫರೆನ್ಸ್‌ಗೆ ಹೋದರೆ ಆ 12 ದಿನ ಕೊನೆಗೆ ಸೇರುತ್ತದೆ. ದುಬೈನಲ್ಲೋ ಜರ್ಮನಿಯಲ್ಲೋ ಎರಡು ವರ್ಷ ಕೆಲಸ ಮಾಡಿದರೆ ಒಂದು ದಿನವೂ ಕಳೆಯುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಒಂದು ಪುಟದಲ್ಲಿ ಮೂರು ಗೆರೆ ಹಾಕಿ: ಒಳಗೆ ಬಂದ ದಿನ, ಹೊರಗೆ ಹೋದ ದಿನ, ಒಟ್ಟು ದಿನ. ಅದರ ಹಿಂದೆ ಬೋರ್ಡಿಂಗ್ ಪಾಸ್ ಅಂಟಿಸಿ. ವಿಮಾನ ನಿಲ್ದಾಣದ ಇಮಿಗ್ರೇಷನ್ ಮುದ್ರೆ ಮಸುಕಾಗಿ ಬಿದ್ದರೆ ಅಲ್ಲೇ ನಿಂತು ಇನ್ನೊಂದು ಸಲ ಹಾಕಿಸಿಕೊಳ್ಳಿ, ಹಿಂದೆ ಸಾಲು ನಿಂತವರು ಗೊಣಗಲಿ. ಸಂಬಳದ ಚೀಟಿ, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಒಂದೇ ಫೈಲಿನಲ್ಲಿರಲಿ. ಪಾಸ್‌ಪೋರ್ಟ್ ನವೀಕರಣ ಆದಾಗ ಮೂಲೆ ಕತ್ತರಿಸಿ ವಾಪಸ್ ಕೊಡುವ ಹಳೆಯದನ್ನು ಬೀರುವಿನಲ್ಲಿ ಜೋಪಾನವಾಗಿಡಿ. ಮುದ್ರೆಗಳೆಲ್ಲ ಇರುವುದು ಅದರಲ್ಲೇ.